ಮಗ್ಗದ ಮನೆಯ ಕಿವಿ

ನಾನು ವಿಮಾನ ನಿಲ್ದಾಣದಲ್ಲಿ ನೌಕರಿ ಮಾಡಿ ನಿವೃತ್ತನಾದವನು ಎಂದು ತಿಳಿದ ಕೂಡಲೇ ನಮ್ಮ ತೇರದಾಳದ ಮಂದಿ ಕೇಳುವ ಮೊದಲ ಪ್ರಶ್ನೆ, "ಇಮಾನ ಹೊಡೀತಿದ್ರೇನ್ರಿ?" ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. "ಹಂಗಾರ ಟಿಕೀಟು ಕೊಡ್ತಿದ್ರಿ?" ಅದೂ ಅಲ್ಲ ಎಂದರೆ, ಇವನು ಬಯಲಿನಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದವನಿರಬೇಕು ಎಂದುಕೊಂಡು ಕಬ್ಬಿನ ರೇಟಿನ ಮಾತಿಗೆ ಹೊರಳುತ್ತಾರೆ. ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದೆ. ಈಗ ಹೌದು, ಬಾವುಟವೇ ಎಂದುಬಿಡುತ್ತೇನೆ.

ಇದನ್ನು ಓದುವ ಹುಡುಗ ಹುಡುಗಿಯರಿಗಾದರೂ ನೆಟ್ಟಗೆ ಹೇಳಬೇಕು. ಏರ್ ಟ್ರಾಫಿಕ್ ಕಂಟ್ರೋಲರ್ ಎಂದರೆ ನೆಲದ ಮೇಲೆ ಕೂತು ಆಕಾಶದಲ್ಲಿರುವ ವಿಮಾನಗಳಿಗೆ ದಾರಿ ಹೇಳುವವನು. ಯಾವ ದಿಕ್ಕಿಗೆ ತಿರುಗಬೇಕು, ಎಷ್ಟು ಎತ್ತರಕ್ಕೆ ಇಳಿಯಬೇಕು, ಯಾರು ಮೊದಲು, ಯಾರು ಆಮೇಲೆ, ಎಲ್ಲವನ್ನೂ ರೇಡಿಯೋದಲ್ಲಿ ಹೇಳಬೇಕು. ನಾವು ಹೇಳಿದ್ದನ್ನು ಪೈಲಟ್ ಮರಳಿ ಒಪ್ಪಿಸುತ್ತಾನೆ. ಅವನು ಒಪ್ಪಿಸಿದ್ದು ನಾವು ಹೇಳಿದ್ದೇ ಹೌದೋ ಅಲ್ಲವೋ ಎಂದು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಆ ಕ್ಷಣವೇ ತಿದ್ದಬೇಕು. ಅವನ ಮುಖ ನಮಗೆ ಕಾಣುವುದಿಲ್ಲ, ನಮ್ಮ ಮುಖ ಅವನಿಗೆ ಕಾಣುವುದಿಲ್ಲ. ಇರುವುದು ದನಿ ಒಂದೇ. ನನ್ನ ಇಡೀ ನೌಕರಿ ಇದೇ, ಹೇಳುವುದು ಮತ್ತು ಕೇಳುವುದು. ಕೇಳುವುದೇ ಹೆಚ್ಚು ಕಷ್ಟದ್ದು.

ಈಗೀಗ ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದ ಬಿ.ಎಸ್ಸಿ. ಮುಗಿಸಿದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಪುಸ್ತಕ ಓದಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ, ಪಗಾರ ಎಷ್ಟು. ಪಗಾರದ ಪ್ರಶ್ನೆಯನ್ನು ಕಡೆಗೆ ಕೇಳಿದರೂ ಅದೇ ಮೊದಲಿನದು ಎಂದು ನನಗೆ ಗೊತ್ತು. ನನ್ನಿಂದ ಹುರುಪು ನಿರೀಕ್ಷಿಸಬೇಡಿ. ಹುರುಪು ಬೇಕಾದವರು ಕೋಚಿಂಗ್ ಕ್ಲಾಸಿಗೆ ಹೋಗಿ, ಅಲ್ಲಿ ಗೋಡೆಯ ತುಂಬ ಅದನ್ನೇ ಅಂಟಿಸಿರುತ್ತಾರೆ. ನಾನು ಬರೆಯುತ್ತಿರುವುದು ಬನಹಟ್ಟಿಯ ಶಿವಲೀಲಾ ಎಂಬ ಹುಡುಗಿ ಈ ಆಯ್ಕೆಯ ಮೆಟ್ಟಿಲುಗಳನ್ನು ಹತ್ತಿ ಹೋದ ಕಥೆ. ಅವಳಿಗಿಂತ ಮೊದಲು ನಾನು ಹೇಗೆ ಹತ್ತಿದೆ ಎಂಬುದನ್ನು ಹೇಳಬೇಕು. ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗಲಿಕ್ಕಿಲ್ಲ.

ನಾನು ಜಮಖಂಡಿಯಲ್ಲಿ ಕಾಲೇಜು ಮುಗಿಸಿದ ಹೊಸತರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದೆ. ನಮ್ಮಪ್ಪನದು ತೇರದಾಳದಲ್ಲಿ ಕಾಳುಕಡಿಯ ಅಂಗಡಿ. ಸಂದರ್ಶನಕ್ಕೆ ಮದ್ರಾಸಿಗೆ ಬರಹೇಳಿದ್ದಾರೆ ಎಂದಾಗ ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ.

"ಕಂಟ್ರೋಲರ್ ಆಗಾಕ ಮದ್ರಾಸಿಗೆ ಯಾಕ ಹೋಗಬೇಕೋ? ಜಮಖಂಡಿ ಬಸ್ ಸ್ಟ್ಯಾಂಡನ್ಯಾಗ ಒಬ್ಬಾಂವ ಕುಂತಾನಲ್ಲ, ಅಂವನ್ನ ಕೇಳು."

"ಅದು ಬಸ್ಸಿಂದ ಅಪ್ಪಾ. ಇದು ಇಮಾನದ್ದು."

"ಎಲ್ಲಾ ಒಂದ. ಗಾಡಿ ಬಂತು, ಗಾಡಿ ಹೋತು, ಬರಕೊಳ್ಳೋದು."

ಈಗ ಯೋಚಿಸಿದರೆ ಅಪ್ಪನ ಮಾತು ಅಷ್ಟೇನೂ ಸುಳ್ಳಲ್ಲ.

ಸಂದರ್ಶನದ ಕೋಣೆಯಲ್ಲಿ ಸಾಲಾಗಿ ಕೂತಿದ್ದ ಸಾಹೇಬರುಗಳು ತೇರದಾಳ ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಿಯರ್ ಜಮಖಂಡಿ ರೀ" ಎಂದೆ. ಜಮಖಂಡಿ ಎಲ್ಲಿದೆ? "ನಿಯರ್ ಬಿಜಾಪುರ ರೀ." ನನಗೆ ಇಂಗ್ಲಿಷು ಬರುತ್ತಿತ್ತು. ಆದರೆ ದೊಡ್ಡವರ ಮುಂದೆ ನಿಂತು 'ರೀ' ಹಚ್ಚದೆ ಮಾತು ಮುಗಿಸುವುದು ನಮ್ಮ ಕಡೆಯವರಿಗೆ ಅಂಗಿ ಬಿಚ್ಚಿ ನಿಂತಂತೆ. ಕನ್ನಡಕ ಹಾಕಿದ್ದ ಒಬ್ಬರು ಈ 'ರೀ' ಏನು ಎಂದರು. "ರೆಸ್ಪೆಕ್ಟ್ ರೀ" ಎಂದೆ. ಅವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಬ್ಬರು ಕಣ್ಣು ಒರೆಸಿಕೊಂಡರು. ನನ್ನನ್ನು ತೆಗೆದುಕೊಂಡರು ನಿಜ, ಆದರೆ ಆ ನಗು ನನಗೆ ಇವತ್ತಿಗೂ ಸೇರುವುದಿಲ್ಲ.

ಇನ್ನು ವೈದ್ಯಕೀಯ ಪರೀಕ್ಷೆ. ಈಗಿನಂತೆ ಕಿವಿಗೆ ಯಂತ್ರ ಹಚ್ಚುವುದಿರಲಿಲ್ಲ. ಡಾಕ್ಟರು ಬೆನ್ನ ಹಿಂದೆ ನಿಂತು ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರ ಹತ್ತಿರ ಪಿಸುದನಿಯಲ್ಲಿ ಅಂಕಿ ಹೇಳುತ್ತಿದ್ದರು. ನಾವು ಅದನ್ನು ತಿರುಗಿ ಹೇಳಬೇಕು. ನನ್ನ ಸರದಿ ಬಂದಾಗ ಊಟದ ಹೊತ್ತು. ಡಾಕ್ಟರು ಬಲಗಿವಿ ನೋಡಿದರು, ಎಡಗಿವಿ ನೋಡದೆಯೇ ಅದೂ ಸರಿಯಿದೆ ಎಂದು ಬರೆದರು, ಕೈ ತೊಳೆಯಲು ಹೋದರು. ನನ್ನ ಅದೃಷ್ಟಕ್ಕೆ ಎರಡೂ ಕಿವಿ ನೆಟ್ಟಗಿದ್ದವು. ಇಲ್ಲದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ತರಬೇತಿ ಅಲಹಾಬಾದಿನಲ್ಲಿ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಲ್ಲಿಯ ಮೆಸ್ಸು ತೆರೆಯುವುದೇ ಹೊತ್ತು ಮುಳುಗಿದ ಮೇಲೆ. ಅವ್ವ ಕಟ್ಟಿಕೊಟ್ಟ ಅವಲಕ್ಕಿ ಚೂಡಾ ತೀರುವವರೆಗೆ ಸಂಜೆ ಅದನ್ನೇ ತಿಂದೆ. ಆಮೇಲೆ ನೀರು ಕುಡಿದು ಮಲಗಿದೆ. ಕಡೆಗೆ ಒಂದು ಪರೀಕ್ಷೆಯಲ್ಲಿ ತಲೆ ಸುತ್ತಿ ಬಿದ್ದೆ. ಅವತ್ತೇ ಮೆಸ್ಸಿನಲ್ಲಿ ಎಲ್ಲರ ಜೊತೆ ಕೂತು ಉಂಡೆ. ಅವ್ವನಿಗೆ ಹೇಳಲಿಲ್ಲ. ಈ ನೌಕರಿ ಮೊದಲು ಹೊಟ್ಟೆಗೇ ಕೈ ಹಾಕುತ್ತದೆ ಎಂದು ಗೊತ್ತಿರಲಿ. ನಿದ್ದೆ, ಹಬ್ಬ, ನೆಂಟಸ್ತಿಕೆ ಎಲ್ಲ ಸರದಿಯ ಪ್ರಕಾರ ಹೋಗುತ್ತವೆ.

ಕೆಲಸಕ್ಕೆ ಸೇರಿದ ಮೇಲೆ ಒಂದು ದೊಡ್ಡ ನಿಲ್ದಾಣದಲ್ಲಿ ನಮ್ಮ ಪಾಳಿಯ ಮುಖ್ಯಸ್ಥರ ಕೈಕೆಳಗೆ ಹಾಕಿದರು. ಅವರ ಹೆಸರು ಬೇಡ, ಸಾಹೇಬರು ಎನ್ನುತ್ತೇನೆ. ಆಗ ಪ್ರತಿ ವಿಮಾನಕ್ಕೂ ಒಂದು ಕಾಗದದ ಪಟ್ಟಿ, ವಿಮಾನ ಇಳಿದ ಹಾಗೆ ಪಟ್ಟಿಯನ್ನು ಕೈಯಿಂದ ಸರಿಸುತ್ತ ಹೋಗಬೇಕು. ಆ ಪಟ್ಟಿ ಸರಿಸುವುದರಲ್ಲಿ ಸಾಹೇಬರನ್ನು ಸರಿಗಟ್ಟುವವರಿರಲಿಲ್ಲ. ಆದರೆ ಅವರಿಗೆ ಕಿವಿ ಮಂದವಾಗಿತ್ತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವಂತಿಲ್ಲ. ಪೈಲಟ್ ಹೇಳಿದ್ದು ಕೇಳದಿದ್ದಾಗ ಅವರು "ಈ ರೇಡಿಯೋ ಹಾಳಾಗಿ ಹೋಗ್ಲಿ" ಎಂದು ಬೈಯುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು ಕಲಿಸಲಿಕ್ಕಲ್ಲ. ಪೈಲಟ್ ಹೇಳಿದ್ದನ್ನು ನಾನು ಕೇಳಿಸಿಕೊಂಡು ಅವರಿಗೆ ಹೇಳಬೇಕು, ಅದಕ್ಕೆ.

ಒಂದು ಮಧ್ಯಾಹ್ನ ಅವರು ಒಂದು ವಿಮಾನಕ್ಕೆ ಇಷ್ಟು ಎತ್ತರಕ್ಕೆ ಇಳಿ ಎಂದರು. ಪೈಲಟ್ ಒಪ್ಪಿಸುವಾಗ ಅದಕ್ಕಿಂತ ಕೆಳಗಿನ ಎತ್ತರ ಹೇಳಿದ. ಆ ಎತ್ತರದಲ್ಲಿ ಆಗಲೇ ಇನ್ನೊಂದು ವಿಮಾನವಿತ್ತು. ಸಾಹೇಬರು ತಾವು ಹೇಳಿದ್ದನ್ನೇ ಅವನೂ ಹೇಳಿದ ಎಂದುಕೊಂಡು ಸರಿ ಎಂದುಬಿಟ್ಟರು. ನಾನು ಅವರ ಕೈಯಿಂದ ಮೈಕು ಕಿತ್ತುಕೊಂಡು ವಿಮಾನವನ್ನು ತಡೆದೆ. ಏನೂ ಆಗಲಿಲ್ಲ. ಪ್ರಯಾಣಿಕರು ಇಳಿದು ತಮ್ಮ ಚೀಲ ತೆಗೆದುಕೊಂಡು ಮನೆಗೆ ಹೋದರು. ನನ್ನ ಅಂಗಿ ಮಾತ್ರ ಬೆನ್ನಿಗೆ ಅಂಟಿಕೊಂಡಿತ್ತು.

ಮೇಲಿನವರು ವಿಚಾರಿಸಿದಾಗ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ರೇಡಿಯೋ ದೋಷ ಎಂದು ತೀರ್ಮಾನಿಸಿದರು. ಮುಂದಿನ ತಿಂಗಳು ನನಗೆ ವರ್ಗದ ಆದೇಶ ಬಂತು. ದಿನಕ್ಕೆ ಒಂದು ವಿಮಾನವೂ ಬಾರದ, ರನ್‌ವೇ ಮೇಲೆ ಮೇಕೆ ಮೇಯುವ ನಿಲ್ದಾಣ. ಸಾಹೇಬರು ಅದೇ ಕುರ್ಚಿಯಲ್ಲಿ ಕೂತೇ ನಿವೃತ್ತರಾದರು, ಹಾರ ಹಾಕಿಸಿಕೊಂಡು ಹೋದರು. ಅಂದಿನಿಂದ ನನಗೆ ಒಂದು ವಿಷಯ ಖಚಿತ. ಕಿವಿ ಸರಿಯಿಲ್ಲದವರು ಆ ಕುರ್ಚಿಯಲ್ಲಿ ಕೂರಬಾರದು. ಅವರು ಎಷ್ಟೇ ದೊಡ್ಡವರಿರಲಿ, ಎಷ್ಟೇ ಒಳ್ಳೆಯವರಿರಲಿ.

ನಿವೃತ್ತನಾಗಿ ತೇರದಾಳಕ್ಕೆ ಬಂದು ಸ್ವಲ್ಪ ದಿನಗಳಾಗಿದ್ದವು. ಬನಹಟ್ಟಿಯಿಂದ ಸಂಗಪ್ಪ ಎಂಬಾತ ಮೋಟಾರು ಸೈಕಲ್ ಮೇಲೆ ಮಗಳನ್ನು ಕೂರಿಸಿಕೊಂಡು ಬಂದ. ಅವನ ಮನೆಯ ಕೆಳಗೆ ನಾಲ್ಕು ಪವರ್‌ಲೂಮ್, ಮೇಲೆ ವಾಸ. ಮಾತು ಜೋರು. ಅಂಗಳದಿಂದ ಅವನು ನಮಸ್ಕಾರ ಹೇಳಿದ್ದಕ್ಕೆ ನನ್ನ ಹೆಂಡತಿ ಪದ್ಮಾ ಅಡುಗೆಮನೆಯಿಂದ ಏನೋ ಜಗಳ ಎಂದು ಓಡಿ ಬಂದಳು.

"ಸಾಹೇಬ್ರ, ಈಕಿ ನನ್ನ ಮಗಳು ಶಿವಲೀಲಾ ರಿ. ಫಿಸಿಕ್ಸ್ ಮಾಡ್ಯಾಳ. ಓದಾಕ ಭಾಳ ಹುಷಾರ್ ಅದಾಳ. ಲಗ್ನದ ಮಾತು ತಗದ್ರ ಊಟಾ ಬಿಡ್ತಾಳ. ನಿಮ್ಮ ದಾರಿಗೆ ಹಚ್ರಿ."

"ಮನ್ಯಾಗ ಓದಾಕ ಜಾಗಾ ಐತೇನವಾ?" ಎಂದು ಹುಡುಗಿಯನ್ನು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. "ಐತ್ರಿ ಕಾಕಾ. ಎರಡು ಮಗ್ಗ ನಾನ ನೋಡ್ಕೋತೇನಿ. ಅವು ನಡದಾಗ ನಡುವ ನಿಂತು ಓದ್ತೇನಿ. ಅಷ್ಟು ಗದ್ದಲದಾಗ ಓದಿದ್ದು ತಲಿಯಾಗ ಗಟ್ಟಿ ನಿಲ್ತೈತ್ರಿ."

ಸಂಗಪ್ಪ ಹೆಮ್ಮೆಯಿಂದ ಮೀಸೆ ಮೇಲೆ ಕೈಯಾಡಿಸಿದ. ಬನಹಟ್ಟಿ, ರಬಕವಿಯಲ್ಲಿ ಇದು ಎಲ್ಲರೂ ಹೇಳುವ ಮಾತು. ಮಗ್ಗದ ನಡುವೆ ಓದಿದವರಿಗೆ ಪರೀಕ್ಷೆಯ ಹಾಲ್ ಎಂದರೆ ಗುಡಿ ಇದ್ದ ಹಾಗೆ ಎನ್ನುತ್ತಾರೆ. ನನಗೂ ಅದು ಮೆಚ್ಚುಗೆಯಾಯಿತು. ನಾವು ಕೂರುವ ಟವರಿನಲ್ಲಿ ನಾಲ್ಕು ಕಡೆಯಿಂದ ದನಿ ಬರುವಾಗ ಚಿತ್ತ ಕದಲದೆ ಕೂರಲು ಇಂಥವಳೇ ಬೇಕು ಎಂದುಕೊಂಡೆ. ಮಗ್ಗದ ನಡುವೆ ನಿಂತವಳ ತಲೆಯನ್ನು ಯೋಚಿಸಿದೆವು, ಕಿವಿಯನ್ನು ಯಾರೂ ಯೋಚಿಸಲಿಲ್ಲ. ಅವಳ ತಾತನಿಗೆ ಕಿವುಡು, ತಂದೆಗೆ ಅರೆಗಿವುಡು. ಆ ಓಣಿಯಲ್ಲಿ ವಯಸ್ಸಾದ ಮೇಲೆ ತಲೆ ನರೆಯುತ್ತದೆ, ಕಿವಿ ಹೋಗುತ್ತದೆ, ಎರಡನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುತ್ತಾರೆ.

ಭಾನುವಾರ ಭಾನುವಾರ ಅವಳು ಬಸ್ಸಿನಲ್ಲಿ ತೇರದಾಳಕ್ಕೆ ಬರತೊಡಗಿದಳು. ಪಡಸಾಲೆಯಲ್ಲಿ ಎದುರುಬದುರು ಕೂರುತ್ತಿದ್ದೆವು. ನಾನು ಕಂಟ್ರೋಲರ್, ಅವಳು ಪೈಲಟ್. ಆಮೇಲೆ ಅದಲು ಬದಲು. ನಾನು ಬೇಕೆಂದೇ ತಪ್ಪಾಗಿ ಒಪ್ಪಿಸಿದರೆ ಥಟ್ಟನೆ ಹಿಡಿಯುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ನನ್ನ ಬಾಯಿಯಿಂದ ಅಂಕಿ ಪೂರ್ತಿ ಹೊರಬೀಳುವ ಮೊದಲೇ ಕೆಲವು ಸಲ ಅವಳಿಗೆ ತಿಳಿದುಹೋಗುತ್ತಿತ್ತು. ಇಂಥ ಕಿವಿ ನಾನು ನೌಕರಿಯಲ್ಲೇ ನೋಡಿಲ್ಲ ಎಂದು ಪದ್ಮಾಳ ಮುಂದೆ ಹೊಗಳಿದೆ. ಅವಳು ಹ್ಞೂಂ ಎಂದು ಸುಮ್ಮನಾದಳು.

ಮೊದಲ ಎರಡು ಸಲ ಬರೆದ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಫೇಲಾದಳು. ವಯಸ್ಸಿನ ಮಿತಿ ಹತ್ತಿರ ಬರುತ್ತಿತ್ತು. ಮೂರನೆಯದೇ ಕಡೆಯದು. ಲಗ್ನದ ವಿಷಯದಲ್ಲಿ ಸಂಗಪ್ಪನೂ ಅಲ್ಲಿಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಆ ಸಲ ಪಾಸಾದಳು. ನನಗೆ ಫೋನು ಮಾಡಿ ಹೇಳುವಾಗ ಹಿಂದೆ ಮಗ್ಗಗಳು ನಡೆಯುತ್ತಿದ್ದವು. ಒಂದೇ ಮಾತನ್ನು ಅವಳು ಮೂರು ಸಲ ಕಿರುಚಬೇಕಾಯಿತು. "ಆತ್ರಿ ಕಾಕಾ, ಆತು."

ಈಗಿನ ಆಯ್ಕೆಯಲ್ಲಿ ಬರೆಯುವ ಪರೀಕ್ಷೆ ಬರೀ ಹೊಸ್ತಿಲು. ಆಮೇಲೆ ಧ್ವನಿ ಪರೀಕ್ಷೆ, ಮನಸ್ಸಿನ ಪರೀಕ್ಷೆ, ಅಮಲು ಪದಾರ್ಥ ತೆಗೆದುಕೊಳ್ಳುತ್ತೀರೋ ಎಂಬ ಪರೀಕ್ಷೆ, ಕಡೆಗೆ ದೇಹದ ಪರೀಕ್ಷೆ. ಮನಸ್ಸಿನ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಯನ್ನು ಬಟ್ಟೆ ಬದಲಿಸಿ ಬದಲಿಸಿ ಕೇಳುತ್ತಾರೆ. ನಿಮಗೆ ಸಿಟ್ಟು ಬರುತ್ತದೆಯೇ? ಸಿಟ್ಟು ಬಂದಾಗ ಏನು ಮಾಡುತ್ತೀರಿ? ನಿಮ್ಮ ಗೆಳೆಯರು ನಿಮ್ಮನ್ನು ಸಿಟ್ಟಿನವರು ಎನ್ನುತ್ತಾರೆಯೇ? ನಾನು ಈಗ ಬರೆದರೆ ಮೊದಲ ಪುಟದಲ್ಲೇ ಹೊರಗೆ.

ಧ್ವನಿ ಪರೀಕ್ಷೆಯಲ್ಲಿ ಅವಳಿಗೆ ಒಂದು ಪುಟ ಕೊಟ್ಟು ಓದಿಸಿದರು. ಅವಳ ದನಿ ಗಟ್ಟಿ, ಪ್ರತಿ ಅಕ್ಷರ ಬಿಡಿಬಿಡಿ. ಮಗ್ಗದ ಸದ್ದಿನ ಮೇಲೆ ಮಾತು ದಾಟಿಸಿ ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಪರೀಕ್ಷಕರು ಸ್ವಲ್ಪ ಮೆಲ್ಲಗೆ ಓದಮ್ಮ ಎಂದರಂತೆ. ಬಂದು ಹೇಳಿ ನಕ್ಕಳು. ನಾವೂ ನಕ್ಕೆವು. ಆಮೇಲೆ ಉಳಿದದ್ದು ಡಾಕ್ಟರ ಕೋಣೆ. ಅದರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಗಟ್ಟಿಮುಟ್ಟಾದ ಹುಡುಗಿ, ಕನ್ನಡಕವೂ ಇಲ್ಲ.

ಆ ಪರೀಕ್ಷೆಯಿಂದ ಅವಳು ಮರಳಿ ಬಂದ ದಿನ ಭಾನುವಾರವಲ್ಲ. ಬಾಗಿಲಲ್ಲೇ ನಿಂತಳು.

"ಕಾಕಾ, ಅನ್‌ಫಿಟ್ ಅಂದ್ರು."

"ಎದಕ್ಕ?"

"ಕಿವಿಗೆ."

ಸದ್ದು ಹೊರಗಿಟ್ಟ ಸಣ್ಣ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರಂತೆ. ದಪ್ಪ ಸದ್ದು ಬಂದಾಗ ಒತ್ತಿದಳು. ಆಮೇಲೆ ಎಷ್ಟೋ ಹೊತ್ತು ಏನೂ ಬರಲಿಲ್ಲ, ಯಂತ್ರ ಕೆಟ್ಟಿರಬೇಕು ಎಂದು ಸುಮ್ಮನೆ ಕೂತಳು. ಯಂತ್ರ ಕೆಟ್ಟಿರಲಿಲ್ಲ. ತೆಳ್ಳಗಿನ, ಕೀರಲು ಸದ್ದುಗಳು ಬಂದು ಹೋಗಿದ್ದವು. ಅಪೀಲು ಮಾಡಿಕೊಳ್ಳಲು ಸ್ವಲ್ಪ ಕಾಲ ಕೊಟ್ಟಿದ್ದರು.

ನಾನು ಹಾರಾಡಿದೆ. ಯಂತ್ರವನ್ನು ಬೈದೆ, ಡಾಕ್ಟರನ್ನು ಬೈದೆ, ಇಲಾಖೆಯನ್ನು ಬೈದೆ. "ನಿನಗ ಕಿವಿ ಕೇಳ್ಸಂಗಿಲ್ಲ ಅಂದ್ರ ಮೂರು ವರ್ಷ ನಾ ಯಾರ ಕೂಡ ಮಾತಾಡಿದ್ನಿ?"

ಪದ್ಮಾ ನೀರಿನ ತಂಬಿಗೆ ಇಟ್ಟು ನನ್ನ ಕಡೆ ನೋಡಿದಳು. "ಆಕಿ ನಿಮ್ಮ ಬಾಯಿ ನೋಡ್ತಾಳ್ರಿ."

"ಏನಂದಿ?"

"ಬಾಯಿ ನೋಡಿ ತಿಳ್ಕೋತಾಳ. ಒಳಗಿಂದ ನಾ ಚಾ ಕುಡೀತಿಯೇನ ಅಂತ ಕರದ್ರ ಒಂದಿನಾನೂ ಓ ಅಂದಿಲ್ಲ. ಎದುರಿಗೆ ಬಂದು ಕೇಳಿದ್ರ ಹ್ಞೂಂ ಅಂತಾಳ."

"ಮೊದಲ ಯಾಕ ಹೇಳಲಿಲ್ಲ?"

"ನಿಮ್ಮ ಪಾಠದಾಗ ನಾ ಬಾಯಿ ಹಾಕಿದ್ರ ಏನ್ ಮಾಡ್ತೀರಿ ಅಂತ ನನಗ ಗೊತ್ತಿಲ್ಲೇನು? ನಾಚಿಕಿ ಸ್ವಭಾವ ಇರಬೇಕು ಅಂತ ಬಿಟ್ನಿ."

ಶಿವಲೀಲಾ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡುತ್ತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. ಮಗ್ಗದ ಮನೆಯಲ್ಲಿ ಎಲ್ಲರೂ ಬಾಯಿ ನೋಡಿಯೇ ಮಾತಾಡುತ್ತಾರೆ. ಅದನ್ನೇ ಅವಳು ಕೇಳುವುದು ಎಂದುಕೊಂಡಿದ್ದಳು. ಗೋಡೆಯ ಕಡೆ ಮುಖ ಮಾಡಿ ಕೂರು ಎಂದೆ. ಹಿಂದಿನಿಂದ ಅಂಕಿಗಳನ್ನು ಹೇಳಿದೆ, ವಿಮಾನಗಳ ಹೆಸರು ಹೇಳಿದೆ. ಕೆಲವು ಸರಿ ಬಂದವು, ಕೆಲವು ಬೇರೆಯೇ ಬಂದವು. ಕೆಲವಕ್ಕೆ ಅವಳು ಸುಮ್ಮನೆ ಕೂತಿದ್ದಳು, ನಾನು ಇನ್ನೂ ಹೇಳಿಯೇ ಇಲ್ಲ ಎಂಬಂತೆ. ಮುಖ ಕಾಣದ ಕೆಲಸಕ್ಕೆ ಮೂರು ವರ್ಷ ಮುಖ ನೋಡಿ ಪಾಠ ಹೇಳಿದ ಮೂರ್ಖ ನಾನೊಬ್ಬನೇ ಇರಬೇಕು.

ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ನೇರವಾಗಿ ಹೇಳಿದರು. ಸದ್ದಿನಿಂದ ಕಿವಿ ದಣಿದಿದೆ, ದಣಿದದ್ದು ವಿಶ್ರಾಂತಿ ಕೊಟ್ಟರೆ ಮರಳಬಹುದು, ಸತ್ತದ್ದು ಮರಳುವುದಿಲ್ಲ. ಯಾವುದು ಎಷ್ಟು ಎಂದು ತಿಳಿಯಬೇಕಾದರೆ ಅಪೀಲಿನವರೆಗೆ ಮಗ್ಗದ ಸದ್ದಿನಿಂದ ದೂರ ಇಡಬೇಕು. ಸಂಗಪ್ಪನಿಗೆ ಇದನ್ನು ಎರಡು ಸಲ ಕೂಗಿ ಹೇಳಬೇಕಾಯಿತು.

"ನಲವತ್ತು ವರ್ಷದಿಂದ ನಾ ಅದರಾಗ ಅದೀನ್ರಿ. ನನಗೇನಾಗೇತಿ?" ಎಂದ ಅವನು. ಡಾಕ್ಟರು ಮುಖ ಬೇರೆ ಕಡೆ ತಿರುಗಿಸಿ ಮೆಲ್ಲಗೆ ಏನೋ ಕೇಳಿದರು. ಸಂಗಪ್ಪ ಉತ್ತರ ಕೊಡಲಿಲ್ಲ. ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಆದರೂ ಅವನು ಮಗಳಿಗಾಗಿ ಆ ಎರಡು ಮಗ್ಗಗಳನ್ನು ನಿಲ್ಲಿಸಿದ. ಉಳಿದೆರಡನ್ನು ಒಬ್ಬನೇ ನೋಡಿಕೊಂಡ. ಶಿವಲೀಲಾಳನ್ನು ಬೀಳಗಿ ತಾಲೂಕಿನ ಗಲಗಲಿಯಲ್ಲಿ ಅವಳ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಗೆ ಕಳಿಸಿದರು. ಹೊಳೆ ದಂಡೆಯ ಊರು, ಕಬ್ಬಿನ ಹೊಲ, ಟ್ರ್ಯಾಕ್ಟರು ಬಿಟ್ಟರೆ ಸದ್ದಿಲ್ಲ. ಒಂದು ದಿನ ಅವಳನ್ನು ನೋಡಲು ಹೋದೆ. ನದಿಯ ಕಡೆ ನಡೆದುಕೊಂಡು ಹೋದೆವು. ಈಗ ನಾನು ಅವಳ ಪಕ್ಕದಲ್ಲಿ ನಡೆಯುತ್ತ ಮುಂದೆ ನೋಡಿ ಮಾತಾಡುತ್ತಿದ್ದೆ. ಮೊದಲಿಗಿಂತ ಚೆನ್ನಾಗಿ ಉತ್ತರ ಕೊಡುತ್ತಿದ್ದಳು. ನನಗೆ ಆಸೆ ಹುಟ್ಟಿತು.

"ಛಲೋ ಆಗೇತಿ ನೋಡವಾ ನಿನಗ."

"ಆಗೇತ್ರಿ. ಕಿವಿಯಾಗ ಗುಂಯ್ ಅನ್ನೋದು ನಿಂತೈತಿ. ಅದು ಎಲ್ಲಾರಿಗೂ ಇರತೈತಿ ಅಂತ ತಿಳದಿದ್ನಿ." ಸ್ವಲ್ಪ ದೂರ ನಡೆದ ಮೇಲೆ ನಿಂತಳು. "ಕಾಕಾ, ಈ ಗಿಡದಾಗ ಈಗ ಹಕ್ಕಿ ಕೂಗಾಕತ್ತಾವೇನ್ರಿ?"

ಹಕ್ಕಿಗಳು ಗಿಡದ ತುಂಬ ಗಲಾಟೆ ಹಚ್ಚಿದ್ದವು. ಸಣ್ಣ ಹಕ್ಕಿಗಳು, ಚಿಂವ್ ಚಿಂವ್ ಎಂಬ ತೆಳ್ಳನೆ ದನಿ. ಹೌದು ಎಂದೆ.

"ಚಿಗವ್ವನೂ ದಿನಾ ಹಂಗ ಅಂತಾಳ. ಮುಂಜಾನೆ ಹಕ್ಕಿ ಗದ್ದಲಕ್ಕ ಎಚ್ಚರಾತು ಅಂತಾಳ. ನನಗ ಬಾಯಿ ತಗದು ಮುಚ್ಚೋದು ಕಾಣ್ತೈತ್ರಿ, ಅಷ್ಟ."

ಬನಹಟ್ಟಿಯಲ್ಲಿದ್ದಾಗ ಏನು ಹೋಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇಲ್ಲಿಯ ನಿಶ್ಶಬ್ದಕ್ಕೆ ಬಂದು ಅದನ್ನು ದಿನವೂ ಎಣಿಸುತ್ತ ಕೂತಿದ್ದಳು. ಆದರೂ ಅಪೀಲಿನಲ್ಲಿ ಏನಾದರೂ ಆಗಬಹುದು ಎಂದೆ. ಹ್ಞೂಂ ಎಂದಳು. ನನ್ನ ಸಮಾಧಾನಕ್ಕೆ ಅಂದದ್ದು.

ಅಪೀಲಿನ ಪರೀಕ್ಷೆ ದೊಡ್ಡ ಆಸ್ಪತ್ರೆಯಲ್ಲಿ. ಅವಳ ಜೊತೆ ನಾನೇ ಹೋದೆ. ಹೊರಗಿನ ಬೆಂಚಿನ ಮೇಲೆ ಬೇರೆ ಬೇರೆ ಊರಿನ ಹುಡುಗರು ಕೂತಿದ್ದರು. ಒಬ್ಬನಿಗೆ ಕಣ್ಣು, ಒಬ್ಬನಿಗೆ ರಕ್ತದ ಒತ್ತಡ. ಇವಳನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತು. ದೇವರ ಮೇಲೆ ಭಾರ ಹಾಕುವ ಅಭ್ಯಾಸ ನನಗಿಲ್ಲ. ಅವತ್ತು ಹಾಕಿದೆ. ಅವಳು ಹೊರಗೆ ಬಂದು ಪಕ್ಕದಲ್ಲಿ ಕೂತಳು. "ಮೊದಲಿಗಿಂತ ಛಲೋ ಬಂದೈತಂತ. ಆದ್ರ ಬೇಕಾದಷ್ಟು ಬಂದಿಲ್ಲಂತ. ಇನ್ನ ಬರಂಗಿಲ್ಲಂತ," ಎಂದಳು. ಇಡೀ ದಾರಿ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ನಾನು ಮಾತಾಡಿಸಲಿಲ್ಲ. ಮಾತಾಡಿಸಿದ್ದರೂ ಆ ಕಡೆ ಮುಖ ಮಾಡಿದ್ದಳು, ಕೇಳಿಸುತ್ತಿರಲಿಲ್ಲ.

ಸ್ವಲ್ಪ ದಿನ ಬಿಟ್ಟು ಬನಹಟ್ಟಿಗೆ ಹೋದೆ. ಹೋಗದೆ ಇರಲು ಮನಸ್ಸು ಎಷ್ಟೋ ನೆವ ಹೇಳಿತು. ಕೆಳಗೆ ನಾಲ್ಕೂ ಮಗ್ಗಗಳು ನಡೆಯುತ್ತಿದ್ದವು. ಅವಳು ತನ್ನ ಎರಡರ ನಡುವೆ ನಿಂತಿದ್ದಳು. ಕಿವಿಗೆ ಹತ್ತಿ ಇಟ್ಟಿದ್ದಳು, ಅದಕ್ಕೆ ಅಪ್ಪನ ಬೈಗುಳವೂ ಇತ್ತಂತೆ, ಕರೆದರೆ ಕೇಳುವುದಿಲ್ಲ ಎಂದು. ನನ್ನನ್ನು ನೋಡಿ ಕೈಯಲ್ಲೇ ಕೂರಿ ಎಂದಳು. ಆ ಸದ್ದಿನಲ್ಲಿ ಏನು ಮಾತು? ನೂಲಿನ ಗಂಟಿನ ಮೇಲೆ ಸುಮ್ಮನೆ ಕೂತೆ. ನನ್ನ ಹಲ್ಲಿನ ಬೇರಿನವರೆಗೆ ಸದ್ದು ಇಳಿಯುತ್ತಿತ್ತು. ಇದರಲ್ಲಿ ಇವಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೆಳೆದಿದ್ದಾಳೆ ಎಂಬುದು ನನಗೆ ಆಗ ಮೈಗೆ ತಿಳಿಯಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಸಂಗಪ್ಪ ಚಹಾ ತರುತ್ತೇನೆಂದು ಹೊರಗೆ ಹೋದ. ಶಿವಲೀಲಾ ಹತ್ತಿ ತೆಗೆದು ನನ್ನೆದುರಿಗೆ ಬಂದು ಕೂತಳು.

"ಕಾಕಾ, ಒಂದು ಕೇಳ್ತೇನಿ. ಖರೆ ಹೇಳಬೇಕು."

"ಕೇಳವಾ."

"ಆ ಡಾಕ್ಟರ್ ಜಾಗಾದಾಗ ನೀವ ಕುಂತಿದ್ರ, ನನ್ನ ಪಾಸ್ ಮಾಡ್ತಿದ್ರೇನ್ರಿ?"

ಬರುವಾಗ ದಾರಿಯುದ್ದಕ್ಕೂ ಅವಳಿಗೆ ಹೇಳಲು ಒಳ್ಳೆಯ ಮಾತುಗಳನ್ನು ಕೂಡಿಸಿಕೊಂಡಿದ್ದೆ. ನಿಯಮ ಕುರುಡು, ಇಲಾಖೆಗೆ ಕಣ್ಣಿಲ್ಲ, ನಿನ್ನಂಥವಳನ್ನು ಕಳೆದುಕೊಂಡದ್ದು ಅವರ ನಷ್ಟ, ಹೀಗೆ. ಅವಳು ಒಂದೇ ಪ್ರಶ್ನೆಯಿಂದ ಅದನ್ನೆಲ್ಲ ಗುಡಿಸಿ ಹಾಕಿದಳು. ಕಿವಿ ಕೇಳದವರ ಪಕ್ಕದಲ್ಲಿ ಕೂತು ಅವತ್ತಿನ ಮಧ್ಯಾಹ್ನ ಕಂಡವನು ನಾನು. ಹೌದು ಎಂದು ಹೇಗೆ ಹೇಳಲಿ? ಅವಳ ಕಣ್ಣು ನನ್ನ ತುಟಿಯ ಮೇಲಿತ್ತು. ಸುಳ್ಳು ಹೇಳಿದರೂ ಅವಳಿಗೆ ಗೊತ್ತಾಗುತ್ತಿತ್ತು.

"ಇಲ್ಲವಾ," ಎಂದೆ. "ಮಾಡ್ತಿದ್ದಿಲ್ಲ."

ಅವಳು ತಲೆಯಾಡಿಸಿದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಹತ್ತಿಯ ಉಂಡೆಯನ್ನು ಬೆರಳಿನಲ್ಲಿ ಉರುಳಿಸುತ್ತ ಹೊರಗಿನ ಓಣಿಯನ್ನು ನೋಡಿದಳು. ಎದುರುಮನೆಯ ಕಟ್ಟೆಯ ಮೇಲೆ ಹುಡುಗಿಯರು ಕರೆಂಟ್ ಬರುವವರೆಗೆ ಪುಸ್ತಕ ಹಿಡಿದು ಕೂತಿದ್ದರು.

"ಅಂದ್ರ ನಮ್ಮ ಓಣ್ಯಾಗಿಂದ ಯಾರೂ ಈ ನೌಕರಿಗೆ ಹೋಗಾಂಗಿಲ್ಲ ಅಂದಂಗಾತು," ಎಂದಳು. "ಇದನ್ನ ಮೊದಲನೇ ದಿವಸ ಹೇಳಿದ್ರ ಆಗ್ತಿತ್ರಿ ಕಾಕಾ. ಮೂರು ವರ್ಷ ನಾ ಆಸೆ ಇಟ್ಕೊಂಡು ಬರತಿದ್ದಿಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಕರೆಂಟ್ ಬಂತು. ಅವಳು ಹತ್ತಿಯನ್ನು ಕಿವಿಗೆ ತುರುಕಿಕೊಂಡು ಎದ್ದು ಹೋದಳು.